ಬ್ಯಾಗಮ್ಮನ ಯಜಮಾನರ ಬೂಟು

ಊರು ಇನ್ನೂ ಕಣ್ಣು ಬಿಟ್ಟಿಲ್ಲ. ವಿಮಾನ ನಿಲ್ದಾಣದ ಸರಕು ಗೋದಾಮುಗಳ ಹಿಂದೆ ತಗಡು ಹೊದಿಸಿದ ಉದ್ದನೆಯ ಕಟ್ಟಡವೊಂದಿದೆ. ಅದರ ಕೊನೆಯ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಕನ್ನಡಕವನ್ನು ದಾರದಲ್ಲಿ ಕೊರಳಿಗೆ ನೇತುಹಾಕಿಕೊಂಡ ಹೆಂಗಸೊಬ್ಬರು ಹಳೆಯ ಬಿಸ್ಕತ್ತಿನ ಡಬ್ಬಿಯೊಳಗೆ ಕೈಹಾಕಿ ಒಂದು ಚೀಟಿ ಎತ್ತುತ್ತಾರೆ. ಹದಿನಾಲ್ಕು. ಕಪಾಟಿನಿಂದ ಹದಿನಾಲ್ಕನೆಯ ಗಂಟು ಇಳಿಸಿ ಬಿಚ್ಚುತ್ತಾರೆ. ಒಂದು ಪುಟ್ಟ ಫ್ರಾಕು, ಗುಂಡಿ ಉದುರಿದ ಸ್ವೆಟರು, ಹೆಂಗಸಿನ ಎರಡು ಅಂಗಿ, ಹಲ್ಲು ಮುರಿದ ಬಾಚಣಿಗೆ. ಅವರ ಮುಖ ಚೂರು ಸಪ್ಪಗಾಗುತ್ತದೆ.

ಆದರೂ ಕೈ ನಿಲ್ಲುವುದಿಲ್ಲ. ಬಟ್ಟೆ ಮಡಿಸಿ ಸೂಟ್‌ಕೇಸಿಗೆ ಇಡುತ್ತಾರೆ, ಹೇರ್ ಡ್ರೈಯರ್ ಇಡುತ್ತಾರೆ, ಚಾರ್ಜರಿನ ವೈರು ಸುತ್ತಿ ಪಕ್ಕಕ್ಕೆ ತುರುಕುತ್ತಾರೆ. ಮಗಳನ್ನು ಗಂಡನ ಮನೆಗೆ ಕಳಿಸುವ ತಾಯಿಯೂ ಇಷ್ಟು ಮುತುವರ್ಜಿಯಿಂದ ತುಂಬಲಿಕ್ಕಿಲ್ಲ. ಆಮೇಲೆ ಮೇಜಿನ ಕೆಳಗಿನ ಬೀಗದ ಡ್ರಾಯರ್ ಎಳೆದು ಒಂದು ಚಾಕು ತೆಗೆಯುತ್ತಾರೆ. ಅದನ್ನು ಡ್ರೈಯರಿನ ಹಿಡಿಯ ನೇರಕ್ಕೆ, ಫ್ರಾಕಿನ ಕೆಳಗೆ ಮಲಗಿಸುತ್ತಾರೆ. ತುಟಿ ಏನೋ ಅಲುಗುತ್ತದೆ.

"ಏನಂದ್ರಿ?" ಅಂತ, ಅವರ ಕೆಲಸದ ಬಗ್ಗೆ ಬರೆಯಲು ಬಂದ ನಾನು ಕೇಳುತ್ತೇನೆ.

"ಏನಿಲ್ಲ ಸಾರ್. ತಪ್ಪು ತಿಳ್ಕೋಬೇಡಮ್ಮ ಅಂದೆ."

"ಯಾರಿಗೆ?"

"ಈ ಫ್ರಾಕಿನ ಮಗೂನ ಅಮ್ಮಂಗೆ. ಯಾರೋ, ಏನೋ. ಅವರ ಬಟ್ಟೆ ಮಧ್ಯೆ ಚಾಕು ಇಡ್ತಿದ್ದೀನಲ್ಲ."

ಈ ತರಬೇತಿ ಕೇಂದ್ರದಲ್ಲಿ ಅವರನ್ನು ಎಲ್ಲರೂ ಕರೆಯುವುದು ಬ್ಯಾಗಮ್ಮ ಅಂತ. ಅವರ ನಿಜವಾದ ಹೆಸರು ಸಂಬಳ ಕೊಡುವ ಗುಮಾಸ್ತರಿಗೆ ಬಿಟ್ಟರೆ ಬೇರೆಯವರಿಗೆ ನೆನಪಿಲ್ಲ. ಕೆಲಸ ಇಷ್ಟೇ: ಚೀಲ ತುಂಬುವುದು. ಕೆಲವಕ್ಕೆ ಬರೀ ಸಾಮಾನು. ಕೆಲವಕ್ಕೆ ಸಾಮಾನಿನ ನಡುವೆ ಒಂದು ಚಾಕು, ಒಂದು ಆಟಿಕೆ ಪಿಸ್ತೂಲು, ಅಥವಾ ಮಣ್ಣು ಮತ್ತು ವೈರಿನಲ್ಲಿ ಕಟ್ಟಿದ ಸುಳ್ಳು ಬಾಂಬು. ತುಂಬಿದ ಚೀಲ ಪಕ್ಕದ ಕೋಣೆಯ ಎಕ್ಸ್‌ರೇ ಯಂತ್ರದೊಳಗೆ ಹಾದುಬರುತ್ತದೆ, ಅದರ ಚಿತ್ರ ಕಂಪ್ಯೂಟರಿಗೆ ಹೋಗಿ ಕೂರುತ್ತದೆ. ಪ್ರಯಾಣಿಕರ ಬ್ಯಾಗು ತಪಾಸಣೆ ಮಾಡುವ ಕೆಲಸಕ್ಕೆ ಸೇರಿದವರು ಆ ಚಿತ್ರಗಳನ್ನು ನೋಡಿ ನೋಡಿ ಕಣ್ಣು ಪಳಗಿಸಿಕೊಳ್ಳಬೇಕು. ದಿನಕ್ಕೆ ಹದಿನೈದು, ಇಪ್ಪತ್ತು ಚೀಲ. ಹನ್ನೊಂದು ವರ್ಷದಿಂದ ತುಂಬುತ್ತಿದ್ದಾರೆ. ಸ್ವತಃ ವಿಮಾನ ಹತ್ತಿದ್ದೀರಾ ಅಂದರೆ ನಗುತ್ತಾರೆ. "ಸೂಟ್‌ಕೇಸಿಗೇನೋ ಕಡಿಮೆ ಇಲ್ಲ ಸಾರ್, ಹೋಗೋಕೆ ಊರಿಲ್ಲ ಅಷ್ಟೆ."

ನಾವು ನೀವೆಲ್ಲ ಆ ಬೆಲ್ಟಿನ ಮುಂದೆ ನಿಂತು ಒಳಗೊಳಗೇ ಬೈದುಕೊಂಡವರೇ. ನನ್ನ ಚೀಲದಲ್ಲಿ ಏನಿದೆ ಅಂತ ನನಗೆ ಗೊತ್ತು, ಈ ಮನುಷ್ಯ ಯಾಕೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಾನೆ ಅಂತ. ಅವನಿಗೆ ಕಾಣುವುದಾದರೂ ಏನು? ಬಟ್ಟೆ, ತೊಗಲು, ತಿಂಡಿ ಎಲ್ಲ ಕಿತ್ತಳೆ ಬಣ್ಣ. ಕಬ್ಬಿಣ ಕಡುನೀಲಿ. ಒಂದರ ಮೇಲೊಂದು ಬಿದ್ದ ನೆರಳು. ಒಂದು ಚೀಲಕ್ಕೆ ಕೆಲವೇ ಸೆಕೆಂಡು. ಅಷ್ಟರಲ್ಲಿ ಕೆಂಪು ಗುಂಡಿ ಒತ್ತಬೇಕು ಇಲ್ಲವೇ ಹಸಿರು ಒತ್ತಬೇಕು. ಕೆಂಪು ಅಂದರೆ ನಿಲ್ಲಿಸು. ಹಸಿರು ಅಂದರೆ ಏನಿಲ್ಲ, ಹೋಗಲಿ.

ಬ್ಯಾಗಮ್ಮ ಮೊದಲು ನಿಲ್ದಾಣದಲ್ಲಿ ನೆಲ ಒರೆಸುತ್ತಿದ್ದರು. ಮೊಣಕಾಲು ಕೈಕೊಟ್ಟಿತು. ಕೂತು ಮಾಡುವ ಕೆಲಸ ಕೊಡಿ ಅಂತ ಕೇಳಿದಾಗ ಈ ಕೋಣೆಗೆ ಹಾಕಿದರು. ಕೂರುವುದೆಲ್ಲಿ ಬಂತು, ಇಲ್ಲೂ ದಿನವಿಡೀ ನಿಂತೇ ಇರುತ್ತಾರೆ. ಕಪಾಟಿನಲ್ಲಿರುವ ಬಟ್ಟೆಬರೆ ಎಲ್ಲ ವಾರಸುದಾರರು ಬಾರದೆ ಉಳಿದ ಚೀಲಗಳದ್ದು. ಯಾರೋ ಎಲ್ಲೋ ಬಿಟ್ಟುಹೋದ ಸ್ವೆಟರು, ಯಾರದೋ ಮಗುವಿನ ಟೋಪಿ. ಬಂದ ಹೊಸದರಲ್ಲಿ ಮೇಲಧಿಕಾರಿ ಒಂದು ಚಾಕು ಕೈಗೆ ಕೊಟ್ಟು ಇದನ್ನು ಒಳಗೆ ಬಚ್ಚಿಡಿ ಅಂದರಂತೆ. ಇವರ ಕೈ ಮುಂದೆ ಹೋಗಲಿಲ್ಲ.

"ಕೂಸಿನ ಟೋಪಿ ಸಾರ್. ಅದರೊಳಗೆ ಚಾಕು ಸುತ್ತಿಡಬೇಕು. ನಾಳೆ ಆ ಚಿತ್ರ ನೋಡಿ ನೂರು ಜನ ಕಳ್ಳರದ್ದು, ಕೊಲೆಗಡುಕರದ್ದು ಅಂತಾರೆ. ಆ ತಾಯಿ ಏನು ಪಾಪ ಮಾಡಿದ್ಲು? ನಗಬೇಡಿ. ಹೆಸರಿಲ್ದೆ ಇದ್ರೂ ಅಪವಾದ ಅಪವಾದವೇ."

ನಾನು ನಗಲಿಲ್ಲ. ನಗುವ ಮಾತೂ ಅಲ್ಲ ಅದು. ಯಾಕೆಂದರೆ ಅಪವಾದ ಅನ್ನುವುದು ಆ ಮನೆಗೆ ಮೊದಲೇ ಬಂದು ಮಣೆ ಹಾಕಿಕೊಂಡು ಕೂತಿತ್ತು.

ಅವರ ಯಜಮಾನರು ಇದೇ ನಿಲ್ದಾಣದಲ್ಲಿ ವಿಮಾನಕ್ಕೆ ಸಾಮಾನು ಏರಿಸುವ ಕೆಲಸದಲ್ಲಿದ್ದವರು. ಒಂದು ದಿನ ಜಿಪ್ ಕಿತ್ತುಹೋದ ಚೀಲವೊಂದು ಕೈಗೆ ಬಂತು. ಒಳಗಿನ ಬಟ್ಟೆ ನೆಲಕ್ಕೆ ಸುರಿಯುತ್ತಿತ್ತು. ಎಲ್ಲ ಒಳಗೆ ತುರುಕಿ ಹಗ್ಗ ಬಿಗಿದು ಕಳಿಸಿದರು. ಮರುದಿನ ಆ ಚೀಲದ ಒಡೆಯರು ಕೈಗಡಿಯಾರ ಕಾಣೆಯಾಗಿದೆ ಅಂತ ದೂರು ಕೊಟ್ಟರು. ಕ್ಯಾಮೆರಾ ನೋಡಿದರೆ ಚೀಲದೊಳಗೆ ಕೈಹಾಕಿದವರು ಇವರೊಬ್ಬರೇ. ಕೆಲಸದಿಂದ ಹೊರಗಿಟ್ಟು ವಿಚಾರಣೆ ಶುರುಮಾಡಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೂರು ತಿಂಗಳ ಮೇಲೆ ಗಡಿಯಾರ ಒಡೆಯರ ಮನೆಯಲ್ಲೇ, ಅವರದೇ ಕೋಟಿನ ಜೇಬಿನಲ್ಲಿ ಸಿಕ್ಕಿತಂತೆ. ಕ್ಷಮಿಸಿ ಅಂತ ಅವರು ಕಚೇರಿಗೆ ಫೋನು ಮಾಡಿದರು. ಕಚೇರಿಯವರು ಇವರನ್ನು ಕೆಲಸಕ್ಕೆ ಬಾ ಅಂದರು. ಅಲ್ಲಿಗೆ ಮುಗಿಯಿತು.

"ಕೆಲಸ ವಾಪಸ್ ಕೊಟ್ರು ಸಾರ್, ಮಾತು ವಾಪಸ್ ತಗೊಳ್ಳಲಿಲ್ಲ," ಅನ್ನುತ್ತಾರೆ ಬ್ಯಾಗಮ್ಮ.

ಇವನು ಕದ್ದಿಲ್ಲ ಅಂತ ಯಾರೂ ನಾಲ್ಕು ಜನರ ಮುಂದೆ ಹೇಳಲಿಲ್ಲ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ತಲೆ ತಗ್ಗಿಸಿ ನಡೆದರೆ ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅಂದರು, ತಲೆಯೆತ್ತಿ ನಡೆದರೆ ಎಷ್ಟು ಕೊಬ್ಬು ನೋಡು ಅಂದರು. ಸಂಜೆ ಮನೆಗೆ ಹೋಗುವಾಗ ಕೆಲಸಗಾರರ ಗೇಟಿನಲ್ಲಿ ಎಲ್ಲರ ಚೀಲವೂ ಬೆಲ್ಟಿನ ಮೇಲೆ ಹೋಗುತ್ತದೆ. ಮಿಕ್ಕವರದು ಹಾಗೇ ಹೊರಬರುತ್ತಿತ್ತು. ಇವರದನ್ನು ದಿನಾ ನಿಲ್ಲಿಸಿ, ಬಿಚ್ಚಿಸಿ, ಊಟದ ಡಬ್ಬಿಯ ಮುಚ್ಚಳ ತೆಗೆಸಿ ನೋಡುತ್ತಿದ್ದರು. ಹಿಂದೆ ನಿಂತ ಸಾಲಿಗೆ ತಡವಾಗಿ ಗೊಣಗಾಟ ಏಳುತ್ತಿತ್ತು. ಕೊನೆಕೊನೆಗೆ ಅವರು ಜಿಪ್ ತೆಗೆದ ಚೀಲವನ್ನೇ ಹೆಗಲಿಗೆ ಹಾಕಿಕೊಂಡು ಗೇಟಿಗೆ ಬರತೊಡಗಿದರು. ನೋಡುವವರಿಗೆ ಕಷ್ಟ ಆಗದಿರಲಿ ಅಂತ. ನಿವೃತ್ತಿಯಾಗುವವರೆಗೂ ಅವರ ಚೀಲ ಹಾಗೇ ಬಾಯಿ ತೆರೆದುಕೊಂಡೇ ಇತ್ತು. ಇದನ್ನು ಹೇಳುವಾಗ ಬ್ಯಾಗಮ್ಮ ನನ್ನ ಕಡೆ ನೋಡುವುದಿಲ್ಲ, ಸ್ವೆಟರಿನ ತೋಳು ಮಡಿಸುತ್ತಾ ಇರುತ್ತಾರೆ.

ಟೋಪಿಯಲ್ಲಿ ಚಾಕು ಇಡಲಾರದೆ ಬಂದ ಆ ರಾತ್ರಿ ಬ್ಯಾಗಮ್ಮ ಊಟ ಮಾಡಲಿಲ್ಲ. ಯಜಮಾನರು ಆಗತಾನೇ ನಿವೃತ್ತರಾಗಿ ಮನೆಯಲ್ಲಿದ್ದರು. ಎಲ್ಲ ಕೇಳಿಸಿಕೊಂಡು, ಎದ್ದು ಹೋಗಿ, ಬಾಗಿಲ ಹಿಂದಿದ್ದ ತಮ್ಮ ಹಳೆಯ ಬೂಟು ತಂದು ಇವರ ಮುಂದಿಟ್ಟರು. ದಪ್ಪ ತೊಗಲಿನ ಬೂಟು, ಬೇಗ ಸವೆಯದಿರಲಿ ಅಂತ ಹಿಮ್ಮಡಿಗೆ ಕಬ್ಬಿಣದ ಲಾಳ ಹೊಡೆಸಿದ್ದು. ವರ್ಷಗಟ್ಟಲೆ ಒಂದೇ ಹೆಗಲ ಮೇಲೆ ಭಾರ ಹೊತ್ತು ನಡೆದದ್ದಕ್ಕೆ ಎಡಗಾಲಿನ ಲಾಳ ಒಂದು ಅಂಚಿನಲ್ಲಿ ತೀರಾ ಸವೆದಿತ್ತು.

"ಇದನ್ನ ತಗೊಂಡ್ಹೋಗು ಅಂದ್ರು. ಚಾಕು ಇಡೋ ಚೀಲಕ್ಕೆಲ್ಲ ನಂದೇ ಹಾಕು. ಒಂದ್ಸಲ ಕಳ್ಳ ಅನ್ನಿಸ್ಕೊಂಡವನಿಗೆ ಇನ್ನೊಂದ್ಸಲ ಏನು ಭಾರ ಅಂದ್ರು. ನಗ್ತಾನೇ ಅಂದ್ರು. ನಾನೂ ನಕ್ಕುಬಿಟ್ಟೆ ಸಾರ್. ಆವತ್ತು ನಗಬಾರದಿತ್ತು."

ಅಲ್ಲಿಂದ ಮುಂದೆ ಅವರದೊಂದು ಪದ್ಧತಿಯಾಯಿತು. ಬರೀ ಸಾಮಾನಿನ ಚೀಲಕ್ಕೆ ಪರರ ಬಟ್ಟೆ. ಚಾಕು, ಪಿಸ್ತೂಲು, ಬಾಂಬಿನ ಚೀಲಕ್ಕೆ ಯಜಮಾನರ ಬೂಟು, ಯಜಮಾನರ ಅಂಗಿ. ಅಪವಾದ ಬಂದರೆ ನಮ್ಮ ಮನೆಯ ಮೇಲೇ ಬರಲಿ ಅಂತ. ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ನಾಲ್ಕು ವರ್ಷದ ಹಿಂದೆ ಯಜಮಾನರು ಎದೆನೋವು ಅಂತ ಮಲಗಿದವರು ಏಳಲಿಲ್ಲ. ಅಂಗಿಗಳು ಹರಿದುಹೋದವು. ಬೂಟು ಉಳಿಯಿತು. ದಿನಾ ಬೆಳಿಗ್ಗೆ ಅದನ್ನು ಚೀಲಕ್ಕಿಡುವಾಗ, ಮನುಷ್ಯ ಇನ್ನೂ ಕೆಲಸಕ್ಕೆ ಬರುತ್ತಿದ್ದಾರೆ ಅನ್ನಿಸುತ್ತಿತ್ತಂತೆ.

ಹೋದ ವರ್ಷ ಕೇಂದ್ರಕ್ಕೆ ಒಬ್ಬರು ಮೇಡಂ ಬಂದರು. ಈ ಕಂಪ್ಯೂಟರ್ ತರಬೇತಿಯಿಂದ ನಿಜವಾಗಿಯೂ ಏನಾದರೂ ಪ್ರಯೋಜನ ಇದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡಿ ಹೇಳುವುದು ಅವರ ಕೆಲಸ. ಇಲ್ಲಿಯವರು ಅವರಿಗೆ ಅಳತೆ ಮೇಡಂ ಅಂತ ಹೆಸರಿಟ್ಟರು. ಹೊಸದಾಗಿ ಸೇರಿದವರನ್ನು ಅವರು ಎರಡು ಪಾಲು ಮಾಡಿದರು. ಒಂದು ಪಾಲಿಗೆ ಹಳೆಯ ಕ್ರಮ, ಮೇಷ್ಟ್ರು ಮತ್ತು ಪಾಠ. ಇನ್ನೊಂದು ಪಾಲಿಗೆ ಕಂಪ್ಯೂಟರ್ ಮತ್ತು ಬ್ಯಾಗಮ್ಮನ ಚಿತ್ರಗಳು. ಕೊನೆಗೆ ಬ್ಯಾಗಮ್ಮ ತುಂಬಿದ ಚೀಲಗಳ ಚಿತ್ರದಲ್ಲೇ ಪರೀಕ್ಷೆ ಇಟ್ಟಾಗ ಕಂಪ್ಯೂಟರಿನ ಮಕ್ಕಳು ಹೂವು ಎತ್ತಿದ ಹಾಗೆ ಉತ್ತರ ಕೊಟ್ಟರು. ಎಲ್ಲರೂ ಹಿಗ್ಗಿದರು. ಬ್ಯಾಗಮ್ಮನನ್ನೂ ಕರೆದು ಟೀ ಕೊಟ್ಟರು.

ಆಮೇಲೆ ಮೇಡಂ ಹೊರಗಿನಿಂದ ತಾವೇ ತುಂಬಿಸಿ ತಂದ ಚೀಲಗಳನ್ನು ನಿಜವಾದ ಬೆಲ್ಟಿನ ಮೇಲೆ ಬಿಟ್ಟರು. ಅಲ್ಲಿ ಕಂಪ್ಯೂಟರಿನ ಮಕ್ಕಳಿಗೂ ಹಳೆಯ ಪಾಠದವರಿಗೂ ಏನೇನೂ ವ್ಯತ್ಯಾಸ ಇರಲಿಲ್ಲ. ಚಾಕು ಕಣ್ಣೆದುರೇ ಹೋದರೂ ಹಸಿರು ಒತ್ತಿದರು. ಇದೇನು ಮಾಯ ಅಂತ ಮೇಡಂ ತಲೆ ಕೆಡಿಸಿಕೊಂಡು, ಕಂಪ್ಯೂಟರಿನಲ್ಲಿದ್ದ ಚಿತ್ರಗಳಿಂದ ಚಾಕು, ಪಿಸ್ತೂಲು ಎಲ್ಲ ಅಳಿಸಿ, ಉಳಿದದ್ದನ್ನು ಮತ್ತೆ ಮಕ್ಕಳಿಗೆ ತೋರಿಸಿದರು. ಏನೂ ಇಲ್ಲದ ಚಿತ್ರಕ್ಕೂ ಮಕ್ಕಳು ಟಕಟಕ ಅಂತ ಕೆಂಪು ಒತ್ತಿದರು. ಎಲ್ಲಿದೆ ತೋರಿಸಿ ಅಂದರೆ ಎಲ್ಲರ ಬೆರಳೂ ಒಂದೇ ಕಡೆಗೆ ಹೋಯಿತು. ಕಿತ್ತಳೆ ಬಣ್ಣದ ಬೂಟು, ಹಿಮ್ಮಡಿಯಲ್ಲಿ ಅರ್ಧಚಂದ್ರದಂತೆ ಕಡುನೀಲಿ ಲಾಳ, ಎಡಗಡೆಯದು ಅಂಚು ಸವೆದದ್ದು.

ಪಾಪ, ಅವರು ಮೋಸ ಮಾಡಿದ್ದಲ್ಲ. ಲಾಳ ಕಂಡರೆ ಕೆಂಪು ಒತ್ತು ಅಂತ ಅವರ ಕಣ್ಣು ತಾನಾಗೇ ಕಲಿತುಬಿಟ್ಟಿತ್ತು. ಚಾಕು ಹುಡುಕುವುದನ್ನು ಕಲಿತೇ ಇರಲಿಲ್ಲ.

ಮೇಡಂ ಆ ಚಿತ್ರ ಹಿಡಿದುಕೊಂಡು ಚೀಲ ತುಂಬುವ ಕೋಣೆಗೆ ಬಂದು, "ಅಮ್ಮಾ, ಈ ಬೂಟು ಯಾರದು?" ಅಂತ ಕೇಳಿದರಂತೆ.

"ಹೊಗಳೋಕೆ ಬಂದಿದ್ದಾರೆ ಅಂದ್ಕೊಂಡೆ ಸಾರ್. ನಮ್ಮ ಯಜಮಾನ್ರದು ಅಂದೆ, ಖುಷಿಯಾಗಿ. ಗಟ್ಟಿ ಬೂಟು, ಲಾಳ ಹೊಡೆಸಿದ್ದು, ಅಂತ ಬೇರೆ ಹೇಳ್ದೆ. ಆ ಹುಡುಗಿ ಕುರ್ಚಿ ಎಳ್ಕೊಂಡು ಕೂತ್ಕೊಂಡ್ಲು. ಅಮ್ಮಾ, ಎಲ್ಲಾ ಚೀಲಕ್ಕೂ ಯಾಕೆ ಇದನ್ನ ಹಾಕ್ತಿರಲಿಲ್ಲ ಅಂದ್ಲು. ಆಗ ಗೊತ್ತಾಯ್ತು, ಹೊಗಳೋಕೆ ಬಂದಿಲ್ಲ ಅಂತ."

ಮೇಡಂ ಒಳ್ಳೆಯವರು, ಬೈಯಲಿಲ್ಲ. ಒಬ್ಬರೇ ಎಲ್ಲ ಚೀಲ ತುಂಬಿದರೆ ಏನಾದರೊಂದು ಗುರುತು ಬೀಳುತ್ತದೆ, ಅದನ್ನು ನಾವು ಗಮನಿಸಬೇಕಿತ್ತು, ನಿಮ್ಮದೇನೂ ತಪ್ಪಿಲ್ಲ ಅಂದರು. ಬ್ಯಾಗಮ್ಮ ಅದನ್ನು ಒಪ್ಪುವುದಿಲ್ಲ. ತಾನು ಕಲಿಸಿದ ಮಕ್ಕಳು ಎಷ್ಟು ಚೀಲ ಬಿಟ್ಟಿರಬಹುದು, ಯಾರ ಪ್ರಾಣಕ್ಕೆ ಸಂಚಕಾರ ಬರುತ್ತಿತ್ತು ಅಂತ ನೆನೆದು ಆ ವಾರವೆಲ್ಲ ನಿದ್ದೆ ಮಾಡಲಿಲ್ಲ. ದೇವರ ದಯೆ, ಏನೂ ಆಗಿಲ್ಲ. ಆದರೆ ಅವರನ್ನು ಮುರಿದದ್ದು ಅದೂ ಅಲ್ಲ. ಒಂದು ದಿನ ಟೀ ಅಂಗಡಿಯ ಮುಂದೆ ನಿಂತಿದ್ದಾಗ ಹಿಂದಿನಿಂದ ತರಬೇತಿಯ ಹುಡುಗರ ಮಾತು ಕೇಳಿಸಿತು.

"'ಕಳ್ಳಬೂಟು ಬಂದ್ರೆ ಸಾಕು ಮಗಾ, ನೋಡೋದೇ ಬೇಡ, ಒತ್ತು ಕೆಂಪು' ಅಂತಿದ್ರು ಸಾರ್ ಆ ಹುಡುಗರು. ಕಳ್ಳಬೂಟಂತೆ. ಹೆಸರೇ ಇಟ್ಟುಬಿಟ್ಟಿದ್ದಾರೆ. ಎಷ್ಟು ವರ್ಷದಿಂದ ಹಾಗಂತಿದ್ರೋ. ಯಜಮಾನ್ರು ಬದುಕಿದ್ದಾಗ ಹತ್ತು ಜನ ಕಳ್ಳ ಅಂದಿದ್ರು ಸಾರ್. ನಾನು ಸೇರ್ಕೊಂಡು ನೂರಾರು ಜನರ ಬಾಯಲ್ಲಿ ಅನ್ನಿಸ್ದೆ."

ಅವರು ಅಳುತ್ತಾರೆ. ನಾನು ಪೆನ್ನು ಮುಚ್ಚಿ ಜೇಬಿಗೆ ಹಾಕುತ್ತೇನೆ. ಕಂಡವರ ಮಾನ ಉಳಿಸಲು ಹೋಗಿ ಮನೆಯವರ ಮಾನ ಕಳೆದೆನಲ್ಲ ಅನ್ನುತ್ತಾರೆ. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಮುಂದಿನ ಚೀಟಿ ಎತ್ತುತ್ತಾರೆ.

ಚೀಟಿಯ ಡಬ್ಬಿ ಅಳತೆ ಮೇಡಂ ತಂದ ಹೊಸ ಕ್ರಮ. ಯಾವ ಚೀಲಕ್ಕೆ ಯಾವ ಬಟ್ಟೆ ಅನ್ನುವುದನ್ನು ಇನ್ನು ಚೀಟಿಯೇ ಹೇಳಬೇಕು, ಮನಸ್ಸು ಹೇಳಬಾರದು. ಅದಕ್ಕೇ ಈಗ ಪರರ ಫ್ರಾಕಿನ ಕೆಳಗೆ ಚಾಕು ಇಡಬೇಕಾಗಿದೆ, ಅದಕ್ಕೇ ಬೆಳಿಗ್ಗೆ ಆ ತಾಯಿಯ ಕ್ಷಮೆ ಕೇಳಿದ್ದು. ಹಳೆಯ ಚಿತ್ರಗಳನ್ನೆಲ್ಲ ಕಂಪ್ಯೂಟರಿನಿಂದ ತೆಗೆದುಹಾಕಿದ್ದಾರೆ. ಬೂಟನ್ನೂ ತೆಗೆದುಬಿಡೋಣ ಅಂತ ಕೆಲವರು ಅಂದರು. ಮೇಡಂ ಬೇಡ ಅಂದರು. ಈಗಾಗಲೇ ಕಲಿತು ಬೆಲ್ಟಿನ ಮುಂದೆ ಕೂತಿರುವವರು ಅದನ್ನು ಮರೆಯಬೇಕಲ್ಲ. ಅದಕ್ಕೆ ಬೂಟು ಬರೀ ಸಾಮಾನಿನ ಚೀಲಗಳಲ್ಲಿ ಮತ್ತೆ ಮತ್ತೆ ಬರಬೇಕು. ಲಾಳ ಕಂಡರೂ ಹಸಿರು ಒತ್ತುವುದನ್ನು ಕೈ ಕಲಿಯಬೇಕು. ಆವತ್ತು ಬ್ಯಾಗಮ್ಮ ಮೇಡಂನ ಕೈ ಹಿಡಿದುಕೊಂಡರಂತೆ.

ಮಧ್ಯಾಹ್ನ ಅವರ ಜೊತೆ ತರಬೇತಿಯ ಕೋಣೆಯ ಹಿಂದೆ ಹೋಗಿ ನಿಲ್ಲುತ್ತೇನೆ. ಕೆಲಸದ ನಡುವೆ ಮರುತರಬೇತಿಗೆ ಬಂದವರು ಸಾಲಾಗಿ ಕೂತಿದ್ದಾರೆ. ಪರದೆಯ ಮೇಲೆ ಒಂದೊಂದೇ ಚೀಲ ಮೂಡುತ್ತದೆ. ಛತ್ರಿ, ಹಸಿರು. ಕತ್ತರಿ, ಕೆಂಪು. ಆಮೇಲೆ ನೀಲಿ ಅರ್ಧಚಂದ್ರ ಬರುತ್ತದೆ. ಸುತ್ತ ಬರೀ ಬಟ್ಟೆ, ಸೋಪಿನ ಡಬ್ಬಿ, ಒಂದು ಪುಸ್ತಕ. ಸಾಲಿನುದ್ದಕ್ಕೂ ಕೆಂಪು, ಕೆಂಪು, ಕೆಂಪು. "ತಪ್ಪು, ಇದರಲ್ಲಿ ಏನೂ ಇಲ್ಲ" ಅಂತ ಪರದೆ ಹೇಳುತ್ತದೆ. ಇನ್ನೊಂದು ಬೂಟಿನ ಚೀಲ ಬಂದಾಗ ಮತ್ತೆ ಕೆಂಪು. ಬ್ಯಾಗಮ್ಮ ಗೋಡೆಗೆ ಒರಗಿ ನಿಂತು ಪ್ರತಿಯೊಂದನ್ನೂ ನೋಡುತ್ತಾರೆ. ಕಲಿತದ್ದು ಬೇಗ, ಮರೆಯುವುದು ನಿಧಾನ ಅಂತ ಮೇಡಂ ನನಗೆ ಮೆಲ್ಲಗೆ ವಿವರಿಸುತ್ತಾರೆ. ಇಷ್ಟು ದಿನಕ್ಕೆ ಸರಿಹೋಗುತ್ತದೆ ಅಂತ ಅವರೂ ಮಾತು ಕೊಡುವುದಿಲ್ಲ.

ಬಸ್ ಕಂಡಕ್ಟರ್ ಆಗಿರುವ ಬ್ಯಾಗಮ್ಮನ ಮಗಳಿಗೆ ಇದೊಂದೂ ಸೇರದು. "ಅಪ್ಪ ಹೋದ ಮೇಲೂ ಅಪ್ಪನ್ನ ಗೇಟಲ್ಲಿ ನಿಲ್ಲಿಸ್ತಿದ್ದಾರಲ್ಲಮ್ಮ. ಸಾಕು, ತಂದು ಒಲೆಗೆ ಹಾಕು ಆ ಬೂಟನ್ನ," ಅಂತ ಜಗಳ ಆಡುತ್ತಾಳಂತೆ. ಅವಳ ಮಾತಿನಲ್ಲಿ ತಪ್ಪೇನಿದೆ ಅಂತ ನನಗೂ ಒಮ್ಮೆ ಅನ್ನಿಸಿತು. ಬ್ಯಾಗಮ್ಮನನ್ನೇ ಕೇಳಿದೆ.

"ಸುಟ್ಟರೆ ಬೂಟು ಹೋಗುತ್ತೆ ಸಾರ್, ಹೆಸರು ಹೋಗಲ್ವಲ್ಲ," ಅಂದರು.

ಸ್ವಂತ ಸಾಮಾನನ್ನು ಕೇಂದ್ರದಲ್ಲಿ ಇಡಬಾರದು ಅಂತ ಈಗ ಹೊಸ ನಿಯಮ ಬಂದಿದೆ. ಹಾಗಾಗಿ ಸಂಜೆ ಬ್ಯಾಗಮ್ಮ ಬೂಟನ್ನು ಒರೆಸಿ ಹಳೆಯ ಟವೆಲಿನಲ್ಲಿ ಸುತ್ತಿ ತಮ್ಮ ಕೈಚೀಲಕ್ಕೆ ಹಾಕಿಕೊಳ್ಳುತ್ತಾರೆ. ಯಜಮಾನರ ಕಾಲದ್ದೇ ಚೀಲ. ಊಟದ ಡಬ್ಬಿ, ಛತ್ರಿ, ಬೂಟು. ಜಿಪ್ಪನ್ನು ಈ ತುದಿಯಿಂದ ಆ ತುದಿಯವರೆಗೆ ಎಳೆದು, ಸರಿಯಾಗಿ ಕೂತಿದೆಯೇ ಅಂತ ಬೆರಳಾಡಿಸಿ ನೋಡುತ್ತಾರೆ. ನಾನು ಜೊತೆಗೆ ನಡೆಯುತ್ತೇನೆ. ಕೆಲಸಗಾರರ ಗೇಟು ಹತ್ತಿರದಲ್ಲೇ ಇದೆ, ಆದರೆ ಮೊಣಕಾಲಿನಿಂದಾಗಿ ಅವರಿಗೆ ಹೊತ್ತು ಹಿಡಿಯುತ್ತದೆ.

ಗೇಟಿನಲ್ಲಿ ದಿನಕ್ಕೊಬ್ಬರು ಕೂರುತ್ತಾರೆ. ಇವತ್ತು ಉದ್ದನೆಯ ತರುಣನೊಬ್ಬ ಕೂತಿದ್ದಾನೆ, ಎಲ್ಲರೂ ಅವನನ್ನು ಕಂಬ ಅನ್ನುತ್ತಾರೆ. ಬ್ಯಾಗಮ್ಮನ ಚಿತ್ರಗಳಲ್ಲೇ ಕಲಿತವನು. "ಏನಮ್ಮಾ, ಊಟ ಆಯ್ತಾ?" ಅಂತ ನಗುತ್ತಲೇ ಚೀಲ ಇಸಿದುಕೊಂಡು ಬೆಲ್ಟಿನ ಮೇಲಿಡುತ್ತಾನೆ. ಮುಂದಿನವರದು ಹೋಯಿತು. ನನ್ನದು ಹೋಯಿತು. ಬ್ಯಾಗಮ್ಮನದು ಒಳಗೆ ಹೋಗುತ್ತದೆ, ಬೆಲ್ಟು ಗಕ್ಕನೆ ನಿಲ್ಲುತ್ತದೆ. ಕಂಬನ ನಗು ಮಾಯವಾಗಿದೆ. ಹಿಂದಿನ ಸಾಲಿನಲ್ಲಿ ಗೊಣಗಾಟ ಶುರುವಾಗುತ್ತದೆ.

"ಅಮ್ಮಾ, ಸ್ವಲ್ಪ ಬಿಚ್ಚಿ ತೋರಿಸ್ತೀರಾ?"

ಬ್ಯಾಗಮ್ಮ ಜಿಪ್ ಎಳೆಯುತ್ತಾರೆ. ಡಬ್ಬಿ ಹೊರಗಿಡುತ್ತಾರೆ, ಛತ್ರಿ ಹೊರಗಿಡುತ್ತಾರೆ, ಟವೆಲು ಬಿಚ್ಚಿ ಬೂಟು ತೋರಿಸುತ್ತಾರೆ. ಕಂಬ ಬೂಟಿನೊಳಗೆ ಕೈಹಾಕಿ ನೋಡುತ್ತಾನೆ. ಏನಿರುತ್ತದೆ ಅದರಲ್ಲಿ? ಅವನ ಮುಖ ಕೆಂಪಗಾಗುತ್ತದೆ.

"ತಪ್ಪು ತಿಳ್ಕೋಬೇಡಿ ಅಮ್ಮಾ. ಆ ಲಾಳ ನೋಡಿದ ತಕ್ಷಣ ಕೈ ತಾನಾಗೇ..."

"ನಿಂದೇನು ತಪ್ಪಿಲ್ಲ ಕಣಪ್ಪ," ಅನ್ನುತ್ತಾರೆ ಬ್ಯಾಗಮ್ಮ. "ನಾನೇ ಕಲಿಸಿದ್ದು."

ಒಂದೊಂದೇ ಸಾಮಾನು ಒಳಗೆ ಜೋಡಿಸುತ್ತಾರೆ. ಕೊನೆಯಲ್ಲಿ ಬೂಟು. ಸಾಲಿನಲ್ಲಿ ಯಾರೋ ಬೇಗ ಬೇಗ ಅನ್ನುತ್ತಾರೆ. ಅವರು ಅವಸರ ಮಾಡುವುದಿಲ್ಲ. ಜಿಪ್ಪನ್ನು ಮತ್ತೆ ಈ ತುದಿಯಿಂದ ಆ ತುದಿಯವರೆಗೆ ಎಳೆದು, ಚೀಲವನ್ನು ಹೆಗಲಿಗೆ ಹಾಕಿಕೊಂಡು, ಹುಡುಗನ ಕಡೆ ತಿರುಗುತ್ತಾರೆ.

"ನಾಳೇನೂ ತರ್ತೀನಪ್ಪ, ಹೀಗೇ ಜಿಪ್ ಹಾಕ್ಕೊಂಡು. ನೀವೆಲ್ಲ ನಿಲ್ಲಿಸದೆ ಬಿಡೋವರೆಗೂ ತರ್ತೀನಿ."